ತುಂಗಾ ಪುಣೆಯಲ್ಲಿದ್ದಾಳೆ

ಮಹಾದೇವಮ್ಮ ತನ್ನ ಗಂಡನನ್ನು ಬೈಯುವುದನ್ನು ನಿಲ್ಲಿಸಿ ಹನ್ನೊಂದು ವಾರವಾಗಿತ್ತು. ನಲವತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ಉದ್ದದ ಬಿಡುವು ಭೀಮಪ್ಪನಿಗೆ ಸಿಕ್ಕಿರಲಿಲ್ಲ. ನಾಗಪುರದ ಅಂಬಾಝರಿಯ ಆರ್ಡನನ್ಸ್ ಫ್ಯಾಕ್ಟರಿ ಕ್ವಾರ್ಟರ್ಸಿನ ಗೋಡೆಗಳು ತೆಳು. ಅಕ್ಕಪಕ್ಕದವರು ಮಹಾದೇವಮ್ಮನ ದನಿಯಿಂದಲೇ ಹೊತ್ತು ತಿಳಿಯುತ್ತಿದ್ದರು. "ಹಸಿ ಟಾವೆಲ್ ಹಾಸಿಗಿ ಮ್ಯಾಲೆ ಒಗದೀರಲ್ಲ" ಎಂದರೆ ಆರೂವರೆ. "ಮನಿತುಂಬ ಅಡಕಿ ಚೂರು" ಎಂದರೆ ಎಂಟು. ಈಗ ಸೊಸೆ ಕಲಾವತಿ ಗಂಟೆ ಎಷ್ಟೆಂದು ತಿಳಿಯಬೇಕಾದರೆ ಗಡಿಯಾರ ನೋಡಬೇಕಾಗಿತ್ತು.

ಶಿವರಾತ್ರಿಯ ಮರುದಿನ ಭೀಮಪ್ಪ ಬಚ್ಚಲಿನಲ್ಲಿ ತಂಬಿಗೆ ಹಿಡಿದು ನಿಂತವನು ಹಾಗೆಯೇ ಕುಸಿದಿದ್ದ. ಲಕ್ವಾ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ತಿಂಗಳೊಪ್ಪತ್ತಿನಲ್ಲಿ ಕಾಲು ಅರ್ಧ ಮರಳಿತು, ಕೈ ಅದಕ್ಕಿಂತ ಕಡಿಮೆ. ಮಾತಿನ ವಿಚಾರವನ್ನು ಸಿವಿಲ್ ಲೈನ್ಸಿನ ಡಾಕ್ಟರು ಮಗ ಉಮಾಕಾಂತನಿಗೆ ಹಿಂದಿಯಲ್ಲಿ ಹೇಳಿದರು. ಅವನು ಮನೆಗೆ ಬಂದು ಕನ್ನಡದಲ್ಲಿ ಹೇಳಿದ.

"ನಾಲಿಗಿಗೆ ಏನೂ ಆಗಿಲ್ಲಂತ. ಮಾತು ತಲಿಯೊಳಗ ಅದಾವಂತ, ಹೊರಗ ಬರೋ ದಾರಿ ತಪ್ಪೈತಂತ. ತಪ್ಪೋ ನೆಟ್ಟಗೋ, ಅಪ್ಪ ದಿನಾ ಆಡಬೇಕು. ಮೊದಲ ಆರು ತಿಂಗಳಾಗ ಬಂದಷ್ಟು ಬಂತು. ಆಮ್ಯಾಲೆ ಕಷ್ಟ."

"ಪಾಯಿಂಟ್ ತಪ್ಪ್ಯಾವ ಅನ್ನು" ಎಂದಳು ಮಹಾದೇವಮ್ಮ. ಭೀಮಪ್ಪ ಗದಗ, ಹೊಟಗಿ, ವಾಡಿ ಸ್ಟೇಷನ್ನುಗಳಲ್ಲಿ ಮೂವತ್ತು ವರ್ಷ ಪಾಯಿಂಟ್ಸ್‌ಮನ್ ಆಗಿದ್ದು, ನಿವೃತ್ತಿಯ ಮೇಲೆ ಮಗನ ಮನೆ ಸೇರಿದವನು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗಿಸುವುದೇ ಅವನ ಕೆಲಸ.

ಮೂರನೆಯ ವಾರ ಒಂದು ಮಾತು ಬಂದೂ ಬಂದಿತ್ತು. ಮಧ್ಯಾಹ್ನ ಬಾಯಾರಿ, ಮೊಮ್ಮಗಳು ನೀಲಾಳ ಕಡೆ ಎಡಗೈ ಚಾಚಿ, ಸ್ಪಷ್ಟವಾಗಿ "ಛತ್ರಿ ಕೊಡು" ಎಂದಿದ್ದ. ಹದಿಮೂರು ವರ್ಷದ ಹುಡುಗಿ ಕಿಲಕಿಲ ನಕ್ಕು, ಗೂಟಕ್ಕೆ ನೇತುಹಾಕಿದ್ದ ಛತ್ರಿಯನ್ನೇ ತಂದು ಅವನ ಕೈಗೆ ಕೊಟ್ಟಿತು. ಭೀಮಪ್ಪ ಛತ್ರಿಯನ್ನು ನೋಡಿದ, ಮೊಮ್ಮಗಳನ್ನು ನೋಡಿದ, ಬಾಯಿ ಮುಚ್ಚಿದ. ಅವತ್ತಿನಿಂದ ತೆರೆದದ್ದು ಗಂಜಿಗೆ ಮಾತ್ರ, ಅದೂ ಒಲ್ಲದ ಮನಸ್ಸಿನಿಂದ. ನೀಲಾ ಆ ಛತ್ರಿಯನ್ನು ಟ್ರಂಕಿನ ಹಿಂದೆ ಬಚ್ಚಿಟ್ಟದ್ದು ಕಲಾವತಿಗೆ ಗೊತ್ತು.

ಉಮಾಕಾಂತ ಫ್ಯಾಕ್ಟರಿಯ ಸುರಕ್ಷಾ ಸಮಿತಿಯ ಮೆಂಬರು. ಮದ್ದುಗುಂಡಿನ ನಡುವೆ ಇಪ್ಪತ್ತು ವರ್ಷ ಬೆವರದೆ ಕೆಲಸ ಮಾಡಿದವನು ಮನೆಯಲ್ಲಿ ಚಮಚ ಬಿದ್ದರೆ ಬೆಚ್ಚುವಂತಾಗಿದ್ದ. ಮನೆಗೂ ಕಾಯಿದೆಗಳನ್ನು ತಂದ. ಅಪ್ಪನ ಎದುರಿಗೆ ಯಾರೂ ದನಿ ಏರಿಸಕೂಡದು. ಪಾತ್ರೆ ತೊಳೆಯುವುದು ಹಿತ್ತಲಲ್ಲಿ. ಟೀವಿಯ ಕಟ್ಟಿಗೆಯ ಬಾಗಿಲು ಎಳೆದು ಮೇಲೊಂದು ಗಿಳಿ ಕಸೂತಿಯ ಬಟ್ಟೆ ಹೊದಿಸಿದ. ಕಲಾವತಿ ಕುಪ್ಪಸ ಹೊಲಿಯುವ ಮಷೀನು ಪಕ್ಕದ ದೇಚಮ್ಮನ ವರಾಂಡಕ್ಕೆ ಹೋಯಿತು. ದೇಚಮ್ಮ ಕೊಡಗಿನವಳು, ಗಂಡ ಉತ್ತಪ್ಪ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿ ಸುಬೇದಾರ. ಹಗಲೆಲ್ಲ ಅಲ್ಲಿ ಮಷೀನು ಕಟಕಟ ಎನ್ನುವಾಗ ಕಲಾವತಿಗೆ, ಸದ್ದು ಮಾಡಲು ಬೇರೆಯವರ ಮನೆಗೆ ಬರುತ್ತಿದ್ದೇನಲ್ಲ ಎನಿಸುತ್ತಿತ್ತು.

ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಅತ್ತೆಯ ಹೊಸ ದನಿ.

"ಒಂದ ತುತ್ತು ತಗೋರಿ. ನನ್ನ ಸಲುವಾಗಿ."

ಈ ಹೆಂಗಸು ಗಂಡನಿಗೆ ಎಂದೂ ತನ್ನ ಸಲುವಾಗಿ ಏನನ್ನೂ ಮಾಡಲು ಕೇಳಿದವಳಲ್ಲ. ಮಾಡಿ ಎಂದು ಹೇಳಿದವಳು. ಭೀಮಪ್ಪ ಆ ದನಿ ಕೇಳಿದಾಗಲೆಲ್ಲ ಗೋಡೆಯ ಕಡೆ ಹೊರಳುತ್ತಿದ್ದ. ನೋಡಲು ಬಂದವರು ಅವನ ತಲೆಯ ಮೇಲಿನಿಂದ ಮಾತಾಡುತ್ತಿದ್ದರು. "ಊಟ ಮಾಡ್ತಾರೇನ್ರಿ? ಗುರುತು ಹಿಡೀತಾರೇನ್ರಿ?" ಮಂಚದ ಮೇಲೆ ಮಲಗಿದವನು ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಸುಣ್ಣದ ಬಿರುಕು ಎಣಿಸುತ್ತಿದ್ದ.

ಏಪ್ರಿಲ್ ತಿಂಗಳಲ್ಲಿ ಅಡುಗೆಮನೆಯಲ್ಲಿ ಒಂದು ಜಗಳವಾಯಿತು, ಪಿಸುದನಿಯಲ್ಲಿ.

"ಅತ್ತಿ, ಎಷ್ಟ ದಿವಸ ಗಂಜಿ? ಮಾವಾರಿಗೆ ಹಲ್ಲು ಅದಾವು. ರೊಟ್ಟಿ ಹಾಲಿನ್ಯಾಗ ನೆನಿಸಿ ಕೊಡೋಣ."

"ಗಂಟಲಾಗ ಸಿಕ್ಕೊಂಡ್ರ ನೀ ತಗೀತಿಯೇನು?"

"ಡಾಕ್ಟರ್ ಬ್ಯಾಡ ಅಂದಿಲ್ಲಲ್ಲ."

"ಡಾಕ್ಟರಿಗೆ ಏನು, ಗಂಡ ನನ್ನಾಂವ."

"ಹಿಂಗ ಪಾಪ ಪಾಪ ಅಂದು ಅವರನ್ನ ಕೂಸು ಮಾಡೇವಿ ಅತ್ತಿ. ಅದಕ್ಕ ಬಾಯಿ ಬಿಡವಲ್ರು."

"ಪಾಪ ಅನ್ನದ ಏನು ಅನ್ಲಿ?" ಎಂದು ಮಹಾದೇವಮ್ಮ ಗಂಜಿಯ ಬಟ್ಟಲು ಹಿಡಿದು ಎದ್ದಳು. ಬಾಗಿಲಲ್ಲಿ ನಿಂತು, ಇನ್ನೂ ಸಣ್ಣ ದನಿಯಲ್ಲಿ, "ಕಲಾ, ನನಗ ದಿಕ್ಕು ತಪ್ಪಿದಂಗ ಆಗೇತಿ. ಒಂದ ಮಾತು ಆಡಿದ್ರ ಸಾಕಾಗಿತ್ತು" ಎಂದಳು.

ಮೇ ಬಂತು. ನಾಗಪುರದ ಬಿಸಿಲು ನಲವತ್ತೈದಕ್ಕೆ ಏರಿ ಅಲ್ಲಿಯೇ ಕೂತಿತು. ಕಿಟಕಿಗೆ ಕೂಲರ್ ಕೂಡಿಸಿದರು. ಬೆಳಿಗ್ಗೆ ನಲ್ಲಿ ಬಂದಾಗ ಅದಕ್ಕೆ ಎಂಟು ಬಕೆಟ್ ನೀರು ಹಾಕುವುದು ನೀಲಾಳ ಕೆಲಸ. ಕಾಯಿದೆಯಿಂದ ವಿನಾಯಿತಿ ಪಡೆದ ಸದ್ದೆಂದರೆ ಆ ಕೂಲರಿನದೊಂದೇ. ಅದು ಹೊಟಗಿ ಸ್ಟೇಷನ್ನಿನಲ್ಲಿ ನಿಂತ ಇಂಜಿನ್ನಿನ ಹಾಗೆ ಹಗಲುರಾತ್ರಿ ಭೋರ್ಗರೆಯುತ್ತಿತ್ತು.

ಆಗ ದೇಚಮ್ಮ ಸುದ್ದಿ ತಂದಳು. ಬರುವ ಭಾನುವಾರ ಟೀವಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹಳೆಯ ಸೀರಿಯಲ್ಲುಗಳನ್ನೇ ಮತ್ತೆ ತೋರಿಸುತ್ತಾರಂತೆ. ಮೊದಲು ನಗೆಯದು, ಮಧ್ಯಾಹ್ನ ಫೌಜದಾರನದು.

ಮೂರು ವರ್ಷದ ಹಿಂದೆ ಟೀವಿ ಹೊಸದಾಗಿದ್ದಾಗ ಈ ಎರಡು ಸೀರಿಯಲ್ಲುಗಳು ಆ ಮನೆಯಲ್ಲಿ ಪೂಜೆಯಷ್ಟೇ ಕಟ್ಟುನಿಟ್ಟಾಗಿ ನಡೆದಿದ್ದವು. ಮಹಾದೇವಮ್ಮನಿಗೆ ಹಿಂದಿ ಬಾರದು. ಭೀಮಪ್ಪ ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ರೈಲ್ವೆಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಹಿಂದಿ ನೀರು ಕುಡಿದಂತೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಉಮಾಕಾಂತ ಆಗ ಸೆಕೆಂಡ್ ಶಿಫ್ಟು. ನೀಲಾ ಚಿಕ್ಕವಳು, ಬೇಗ ಮಲಗುತ್ತಿದ್ದಳು. ಕಲಾವತಿ ಒಳಗೆ ರೊಟ್ಟಿ ಬಡಿಯುತ್ತ ಮಾವನ ದನಿಯನ್ನಷ್ಟೇ ಕೇಳುತ್ತಿದ್ದಳು. ಎದುರಿಗೆ ಕೂತು ನೋಡುತ್ತಿದ್ದ ಮೂರನೆಯವಳು ದೇಚಮ್ಮ.

"ಹಚ್ಚೋಣ" ಎಂದಳು ಕಲಾವತಿ.

"ಬಿಲ್‌ಕುಲ್ ಬ್ಯಾಡ" ಎಂದ ಉಮಾಕಾಂತ. "ಗದ್ದಲ ಆಗತೈತಿ. ಅಪ್ಪಗ ತ್ರಾಸು."

"ಕೂಲರ್ ಗದ್ದಲ ಅಲ್ಲೇನ್ರಿ?"

"ಕೂಲರ್ ಮಾತಾಡಂಗಿಲ್ಲ."

"ಅದ ನಾನೂ ಹೇಳೋದು. ಈ ಮನ್ಯಾಗ ಮಾತಾಡೋದು ಯಾವುದೂ ಉಳದಿಲ್ಲ."

ಉಮಾಕಾಂತ ತಾಯಿಯ ಮುಖ ನೋಡಿದ. ಮಹಾದೇವಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಹಚ್ಚಲಿ ಬಿಡಪಾ. ಅವರಿಗೂ ಅದು ಸೇರತಿತ್ತು. ದನಿ ಸಣ್ಣಗ ಇಟ್ರ ಆತು" ಎಂದಳು.

ಭಾನುವಾರ ಬೆಳಿಗ್ಗೆ ಭೀಮಪ್ಪನ ಮಂಚವನ್ನು ಎಳೆದು ಟೀವಿಗೆ ಎದುರು ಮಾಡಿದರು; ಬೆನ್ನಿಗೆ ಎರಡು ದಿಂಬು ಕೊಟ್ಟು ಕೂಡಿಸಿದರು. ಹೊರಳಲು ಈಗ ಗೋಡೆ ದೂರವಾಗಿತ್ತು. ದೇಚಮ್ಮ ತನ್ನ ಮನೆಯ ಕುರ್ಚಿ ತಾನೇ ಹೊತ್ತು ತಂದಳು. ಟೀವಿ ಹಚ್ಚಿದ ಕೂಡಲೇ ಗೊತ್ತಾಯಿತು, ಕೂಲರ್ ನಡೆಯುವಾಗ ಸಣ್ಣ ದನಿ ಯಾರಿಗೂ ಕೇಳುವುದಿಲ್ಲ. ದೊಡ್ಡ ದನಿಗೆ ಕಾಯಿದೆ ಬಿಡುವುದಿಲ್ಲ. ಕೊನೆಗೆ ಕೂಲರ್ ಬಂದ್ ಮಾಡಿದರು. ಉಮಾಕಾಂತ ಸೋತವನ ಮೋರೆ ಹಾಕಿಕೊಂಡು ಬಕೆಟಿನಲ್ಲಿ ಟಾವೆಲ್ ಅದ್ದಿ ಅದ್ದಿ ತಂದೆಯ ತಲೆಗೆ ಹಾಕುತ್ತ ನಿಂತ.

ನಗೆಯ ಸೀರಿಯಲ್ಲಿನಲ್ಲಿ ಮುಂಬಯಿಯ ಒಂದು ಸಣ್ಣ ಮನೆ, ಗಂಡ, ಹೆಂಡತಿ. ಕಪ್ಪು ಕನ್ನಡಕದ ಬೋಳುತಲೆಯವನೊಬ್ಬ ಬಾಗಿಲು ಬಡಿದ. ಮಹಾದೇವಮ್ಮ ಬೀಗರು ಬಂದಂತೆ ನೆಟ್ಟಗೆ ಕೂತಳು.

"ಬಂದ ನೋಡು ಅಪ್ಪಣ್ಣ. ಕಣ್ಣು ನೆಟ್ಟಗಾದ್ವೇನು, ಕೇಳಿ ಹೇಳು ನೀಲಾ."

"ಯಾವ ಅಪ್ಪಣ್ಣ ಅಜ್ಜಿ?"

"ಆಕಿ ಸೋದರಮಾವ. ಗದಗಿಂದ ಕಣ್ಣಿನ ಆಪರೇಶನ್ ಮಾಡಿಸ್ಕೊಳ್ಳಾಕ ಬಂದಾನ."

"ಅರೇ, ಅಂವ ಮನಿ ಮಾಲಕ. ಮ್ಹಣಜೇ, ಅಂದ್ರ, ಮನಿ ಖಾಲಿ ಮಾಡ್ರಿ ಅಂತ ಗಂಟು ಬಿದ್ದಾನ."

"ಮತ್ತ ಕರೀ ಚಶ್ಮಾ ಯಾಕ ಹಾಕ್ಯಾನ?"

"ಶೋಕಿಗೆ."

ಮಹಾದೇವಮ್ಮ ಮೊಮ್ಮಗಳನ್ನು ಕನಿಕರದಿಂದ ನೋಡಿದಳು. "ನಿಮ್ಮ ಸಾಲ್ಯಾಗ ಎಂಥಾ ಹಿಂದಿ ಕಲಸ್ತಾರೋ ಏನೋ. ನಿಮ್ಮ ಅಜ್ಜ ಮೂವತ್ತು ವರ್ಷ ಹಿಂದಿ ಆಡ್ಯಾರ. ಅವರು ಸೋದರಮಾವ ಅಂದಾರ. ಪಾಪ, ಆಪರೇಶನ್ ಆದಮ್ಯಾಲೆ ಹೆಂಡ್ತಿ ಮಾರಿ ನೋಡಿ ಗುರುತು ಸಿಗದ ನಮಸ್ಕಾರ ಮಾಡ್ತಾನ. ಎಷ್ಟ ನಕ್ಕಿದ್ವಿ."

ದೇಚಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೆಮ್ಮಿದಳು. ಭೀಮಪ್ಪ ಛಾವಣಿಯ ಫ್ಯಾನನ್ನು, ಅದರಲ್ಲೇನೋ ಬರೆದಿದೆ ಎಂಬಂತೆ ನೋಡುತ್ತಿದ್ದ. ಕಲಾವತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು ಈ ಮೂವರನ್ನೂ ಒಂದು ಸುತ್ತು ನೋಡಿದಳು.

ಊಟಕ್ಕೆ ಎಲ್ಲರಿಗೂ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಭೀಮಪ್ಪನಿಗೆ ಗಂಜಿ. ನಾಲ್ಕು ಚಮಚಕ್ಕೆ ಮುಖ ತಿರುವಿದ. ಮಹಾದೇವಮ್ಮ "ನನ್ನ ಸಲುವಾಗಿ" ಎಂದಳು. ಅವನ ಕಣ್ಣು ನೀಲಾಳ ತಾಟಿನ ರೊಟ್ಟಿಯ ಮೇಲಿದ್ದದ್ದನ್ನು ಕಲಾವತಿಯೊಬ್ಬಳೇ ಕಂಡಳು.

ಎರಡು ಗಂಟೆಗೆ ಫೌಜದಾರನ ಸೀರಿಯಲ್ ಶುರುವಾಯಿತು. ದೊಡ್ಡ ಬಂಗಲೆ. ಮೆಟ್ಟಿಲ ಬುಡದಲ್ಲಿ ಒಬ್ಬ ಹುಡುಗಿ ಬಿದ್ದಿದ್ದಾಳೆ, ಒಂದು ಕೈ ಚಾಚಿಕೊಂಡು. ಒಬ್ಬ ಇನ್‌ಸ್ಪೆಕ್ಟರ್ ಟೊಪ್ಪಿಗೆ ತೆಗೆದು ಅವಳ ಹತ್ತಿರ ಕೂತ.

"ಈಕಿನ ತುಂಗಾ" ಎಂದು ಮಹಾದೇವಮ್ಮ ಪರಿಚಯ ಮಾಡಿಸಿದಳು. "ಸೋಮವಾರದ ಉಪಾಸ. ಚಕ್ಕರ್ ಬಂದು ಬಿದ್ದಾಳ. ಅಂವ ಫೌಜದಾರ ಸೋಮಣ್ಣ. ಭಾಳ ಸಂಭಾವಿತ."

"ಅಜ್ಜಿ, ಆಕಿ ಸತ್ತಾಳ."

"ಬಿಡ್ತು ಅನ್ನು."

"ಖರೇನ. ಖೂನ್ ಆಗೇತಿ. ನೋಡು, ಮಾರಿ ಮ್ಯಾಲೆ ಬಟ್ಟಿ ಎಳದ್ರು."

"ಅದು ನೊಣ ಕೂಡಬಾರದಂತ."

"ಯಾರು ಹೇಳಿದ್ರು?"

"ನಿಮ್ಮ ಅಜ್ಜ."

"ಅಜ್ಜಿ, ಆಕಿ ಅವ್ವ ಅಳಾಕತ್ತಾಳಲ್ಲ."

"ಅಳದ ಏನ್ಮಾಡ್ತಾಳ? ಮುಂದಿನ ವಾರ ಹುಡುಗೀನ ಪುಣೆಕ್ಕ ಲಗ್ನ ಮಾಡಿ ಕೊಡ್ತಾರ. ಅದಕ್ಕ ತುಂಗಾ ಮತ್ತ ಬರಂಗಿಲ್ಲ ಇದರಾಗ. ಬಿದ್ದಾಗ ಆಕಿ ಕೈಯಾನ ಬಂಗಾರದ ಬಿಲ್ವಾರ ಕಳದಾವು, ಅವನ್ನ ಹುಡುಕಾಕ ಸೋಮಣ್ಣ ಮನಿಮನಿ ಅಡ್ಡಾಡ್ತಾನ."

ನೀಲಾ ತಂದೆಯ ಮುಖ ನೋಡಿದಳು. ಉಮಾಕಾಂತನ ಕೈಯ ಟಾವೆಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಅವ್ವಾ" ಎಂದ ಅವನು ಮೆಲ್ಲಗೆ, "ಅದು ಖೂನೀ ಕೇಸು. ಆ ಹುಡುಗಿ ಸತ್ತಾಳ. ಆಕಿ ಕಾಕಾನೇ ಆಕೀನ ಮೆಟ್ಟಲದ ಮ್ಯಾಲಿಂದ ನೂಕ್ಯಾನ. ಫ್ಯಾಕ್ಟರ್ಯಾಗ ಎಲ್ರಿಗೂ ಗೊತ್ತೈತಿ."

ಮಹಾದೇವಮ್ಮ ದೇಚಮ್ಮನ ಕಡೆ ತಿರುಗಿದಳು. "ದೇಚಮ್ಮಾ, ನಿಮಗ ಹಿಂದಿ ಬರತೈತಿ. ನೀವು ಹೇಳ್ರಿ."

ದೇಚಮ್ಮ ಕುರ್ಚಿಯ ಕೈಯನ್ನು ಉಜ್ಜಿದಳು. "ಏನು ಹೇಳಲಿ ಮಹಾದೇವಮ್ಮ. ನನಗೆ ಮೊದಲನೇ ವಾರಾನೇ ಗೊತ್ತಾಯ್ತು. ಇವರಿಗೆ ಬರೋ ಹಿಂದಿ ಚಲೋ, ಹಟೋ, ಜಲ್ದಿ ಅಷ್ಟೇ."

"ಮತ್ತ ವಾರವಾರ ಎದುರಿಗೆ ಕೂತು ಸುಮ್ಮನಿದ್ರಿ?"

"ಟೀವಿಯವರದ್ದಕ್ಕಿಂತ ಇವರ ಕಥೆ ಚೆನ್ನಾಗಿತ್ತಲ್ಲ. ಬಳೆ ಸಿಗ್ತಾವೋ ಇಲ್ವೋ ಅಂತ ನಾನೂ ಕಾಯ್ತಿದ್ದೆ."

ಕಲಾವತಿಗೆ ಅತ್ತೆ ಹಿಂದೊಮ್ಮೆ ತಾನೇ ಹೇಳಿದ್ದೊಂದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಗದಗಿನ ಟೂರಿಂಗ್ ಟಾಕೀಸಿನಲ್ಲಿ ಯಾವುದೋ ಸಿನಿಮಾದ ನಾಯಕ ಸತ್ತನಂತೆ. ಮಹಾದೇವಮ್ಮ ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಎರಡು ದಿನ ಊಟ ಬಿಟ್ಟಿದ್ದಳಂತೆ. ಆ ಎರಡು ದಿನ ಭೀಮಪ್ಪ ಸ್ಟೇಷನ್ನಿನ ಚಹಾ ಕುಡಿದು ಬದುಕಿದ್ದ. ತುಂಗಾಳನ್ನು ಪುಣೆಗೆ ಕಳಿಸಿದ್ದಕ್ಕೆ ಹಿಂದಿ ಬಾರದ್ದು ಒಂದು ಕಾರಣವಾದರೆ, ಬಹುಶಃ ಆ ಚಹಾ ಇನ್ನೊಂದು.

ಮಹಾದೇವಮ್ಮ ಎದ್ದಳು. ಮಂಚದ ಹತ್ತಿರ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಭೀಮಪ್ಪ ಗೋಡೆ ಹುಡುಕಿದ, ಗೋಡೆ ಇರಲಿಲ್ಲ.

"ಮೂರು ವರ್ಷ" ಎಂದಳು ಅವಳು. ದನಿ ಇನ್ನೂ ಸಣ್ಣದಿತ್ತು. "ಮೂರು ವರ್ಷ ಆ ಹುಡುಗಿ ಪುಣೆದಾಗ ಅದಾಳಂತ ನಾ ನಂಬೇನಿ." ದನಿ ಒಂದು ಮೆಟ್ಟಿಲು ಹತ್ತಿತು. "ಪುಣೆ ಗಾಡಿ ಹೋಗೋದು ಕಂಡ್ರ ತುಂಗಾ ಹೆಂಗದಾಳೋ ಅಂತ ನೆನಸೇನಿ. ನಿಮಗ ನಾಚಿಕಿ ಬರಂಗಿಲ್ಲೇನ್ರಿ? ಹೆಣದ ಮ್ಯಾಲೆ ನೊಣ ಕೂಡತಾವಂತ ಬಟ್ಟಿ ಹೊಚ್ಚಿದ್ರಂತ! ಹಿಂದಿ ಬರಂಗಿಲ್ಲ ಅಂದಿದ್ರ ನಾ ಏನು ನಿಮ್ಮನ್ನ ನೇಣಿಗೆ ಹಾಕತಿದ್ನೇನು?"

"ಅವ್ವಾ, ಹಳೂಕ..." ಎಂದು ಉಮಾಕಾಂತ ಹೆಜ್ಜೆ ಇಟ್ಟ.

ಕಲಾವತಿ ಅವನ ರಟ್ಟೆ ಹಿಡಿದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಹಿರಿಯರ ಎದುರು ಗಂಡನನ್ನು ಹೀಗೆ ಹಿಡಿದದ್ದು ಅದೇ ಮೊದಲು. "ಸುಮ್ಮನಿರ್ರಿ" ಎಂದಳು. "ಅಕ್ಕಡೆ ನೋಡ್ರಿ."

ಭೀಮಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹನ್ನೊಂದು ವಾರದಲ್ಲಿ ಅವನು ಯಾರ ಮುಖವನ್ನೂ ಹಾಗೆ ನೋಡಿರಲಿಲ್ಲ.

"ನಾಳಿಂದ ಗಂಜಿ ಇಲ್ಲ ನಿಮಗ" ಮಹಾದೇವಮ್ಮನ ದನಿ ಈಗ ಅದರ ಹಳೆಯ ಎತ್ತರಕ್ಕೆ ಬಂದು ಮುಟ್ಟಿತ್ತು. ಗೋಡೆಯಾಚೆ ಉತ್ತಪ್ಪ ಗಡಿಯಾರ ನೋಡಿಕೊಂಡಿದ್ದರೆ ಆಶ್ಚರ್ಯವಿಲ್ಲ. "ಇಷ್ಟ ಸುಳ್ಳು ಹೇಳಿದ ಬಾಯಿಗೆ ರೊಟ್ಟಿ ಅಗಿಯೋದೇನು ಭಾರಿ ಅಲ್ಲ. ಈಗ ಹೇಳ್ರಿ. ಆಕಿ ಸತ್ತಾಳೋ ಅದಾಳೋ? ಫ್ಯಾನ್ ಏನು ನೋಡ್ತೀರಿ, ನನ್ನ ನೋಡ್ರಿ. ತುಂಗಾ ಎಲ್ಲಿ ಅದಾಳ?"

ಭೀಮಪ್ಪನ ಎಡಗೈ ಹಾಸಿಗೆಯ ಅಂಚನ್ನು ಹಿಡಿಯಿತು. ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಗಂಟಲಿನಲ್ಲಿ ಏನೋ ಜರುಗಿದ ಸದ್ದು.

"ಪು..." ಎಂದ. ನಿಂತ. ಮತ್ತೆ ಹಿಡಿದ. "ಪುಣೆ."

ಉಮಾಕಾಂತನ ಕೈಯಿಂದ ಟಾವೆಲ್ ಬಿತ್ತು. ಯಾರೂ ಎತ್ತಲಿಲ್ಲ.

ಮಹಾದೇವಮ್ಮನ ಕಣ್ಣಲ್ಲಿ ನೀರು ತುಂಬಿತು. ಆದರೆ ಅವಳು ಅನುಭವಸ್ಥೆ, ದನಿಯನ್ನು ಇಳಿಸಲಿಲ್ಲ. "ಯಾವ ಪುಣೆ? ಅಲ್ಲೆ ಹೆಣ ಬಿದ್ದೈತಲ್ಲ ಎದುರಿಗೆ."

ಭೀಮಪ್ಪ ಎಡಗೈ ಎತ್ತಿ ಟೀವಿಯನ್ನೇ ತಳ್ಳಿಹಾಕುವಂತೆ ಬೀಸಿದ. "ಸುಳ್ಳ" ಎಂದ. "ಪುಣೆದಾಗ... ಅದಾಳ."

"ಅದಾಳ? ಗಂಡನ ಮನ್ಯಾಗ ಛಲೋ ಅದಾಳ?"

ತಲೆಯಾಡಿಸಿದ. ಇನ್ನೂ ಏನೋ ಹೇಳಲಿಕ್ಕಿತ್ತು. ಎರಡು ಬೆರಳು ಎತ್ತಿ ತೋರಿಸಿದ, ಹುಬ್ಬು ಗಂಟಿಕ್ಕಿದ.

"ಎರಡು... ಛತ್ರಿ."

ಆಡಿದ ಮಾತು ತನ್ನ ಕಿವಿಗೇ ಬಿದ್ದು ಅವನು ನೀಲಾಳ ಕಡೆ ನೋಡಿದ. ನೀಲಾ ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡತೊಡಗಿದಳು. ಬಾಯಿ ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ಮಹಾದೇವಮ್ಮ ಒಂದು ಕ್ಷಣವೂ ತಡೆಯದೆ ಕೇಳಿದಳು:

"ಎರಡೂ ಗಂಡೇನು?"

ಭೀಮಪ್ಪ ಅವಳನ್ನು ನೋಡಿದ. ಇಲ್ಲವೆಂದು ತಲೆಯಲುಗಿಸಿದ. "ಒಂದು" ಎಂದ, ಒಂದು ಬೆರಳು ಮಡಚಿದ. "ಒಂದು."

"ಒಂದು ಗಂಡು, ಒಂದು ಹೆಣ್ಣು. ಅಡ್ಡಿ ಇಲ್ಲ. ಮೂರು ವರ್ಷಕ್ಕ ಎರಡು ಅಂದ್ರ ಸ್ವಲ್ಪ ಅವಸರ ಆತು." ಮಹಾದೇವಮ್ಮ ಮಂಚದ ತುದಿಯಲ್ಲಿ, ಮೂರು ವರ್ಷದ ಹಿಂದೆ ಕೂರುತ್ತಿದ್ದ ಕಡೆಯೇ ಕೂತಳು. ಬೆವರಿಗೆ ಕುಪ್ಪಸ ಬೆನ್ನಿಗೆ ಅಂಟಿತ್ತು. "ಏ ನೀಲಾ, ಕೂಲರ್ ಹಚ್ಚು. ಸೆಕಿಗೆ ಜೀವ ಹೋಗಾಕತ್ತೈತಿ."

"ಅಜ್ಜಿ, ಟೀವಿ ಕೇಳ್ಸಂಗಿಲ್ಲ."

"ಟೀವಿ ಯಾರಿಗೆ ಬೇಕಾಗೇತಿ? ನಿಮ್ಮ ಅಜ್ಜ ಹೇಳಾಕತ್ತಾರ." ಗಂಡನ ಕಡೆ ತಿರುಗಿದಳು. "ಹೂಂ. ಬಿಲ್ವಾರ ಸಿಕ್ಕುವೇನು?"

ನೀಲಾ ಓಡಿ ಹೋಗಿ ಬಟನ್ ಒತ್ತಿದಳು. ಕೂಲರ್ ಭೋರೆಂದು ಎದ್ದಿತು. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಮುಟ್ಟಬೇಕಾದರೆ ದನಿ ಏರಿಸಲೇಬೇಕು. ಭೀಮಪ್ಪ ಏರಿಸಿದ.